ಪಾಯಾಳುವಿನ ಬೆನ್ನು

ಈ ವರ್ಷದ ಮೊದಲ ಮಳೆ ಬಿದ್ದ ಮರುದಿನ ಹೆಂಡತಿ ಶಾಂತಾ ಟ್ರಂಕು ತೆರೆದು ಹಾಸಿಗೆ ಬಟ್ಟೆಗಳನ್ನು ಬಿಸಿಲಿಗೆ ಹಾಕಿದಳು. ಎಲ್ಲದರ ಕೆಳಗೆ ನನ್ನ ಸೊಂಟದ ಬೆಲ್ಟ್ ಇತ್ತು. ಬೂದು ಬಣ್ಣದ್ದು, ಬೆನ್ನಿನ ಕಡೆ ನಾಲ್ಕು ಲೋಹದ ಪಟ್ಟಿಗಳಿರುವಂಥದ್ದು. ಮೂಗಿನ ಹತ್ತಿರ ಹಿಡಿದು ನೋಡಿದೆ. ಬೆವರು, ಪೌಡರು, ರಬ್ಬರು.

"ಬಿಸಾಡ್ಲೇನ್ರಿ?" ಎಂದಳು.

"ಇರಲಿ ಬಿಡು," ಎಂದೆ.

ಮೂರು ವರ್ಷದ ಹಿಂದಿನ ತೊಗರಿ ಹಂಗಾಮು ಪೂರ್ತಿ ಆ ವಾಸನೆಯಲ್ಲಿದೆ. ಬಿತ್ತನೆಯಿಂದ ಕಟಾವಿನವರೆಗೆ ಏಳು ತಿಂಗಳು. ಆ ಏಳು ತಿಂಗಳಲ್ಲಿ ನಾನು ಮಾಡಿದ ತಪ್ಪು ಒಂದು, ನನಗೆ ಸಿಕ್ಕ ಉಪಕಾರ ಹಲವು. ದಿನಪತ್ರಿಕೆಯ ತಾಲ್ಲೂಕು ವರದಿಗಾರನಾಗಿ ಇತರರ ವಿಷಯವನ್ನು ಬರೆದಷ್ಟೇ ನೇರವಾಗಿ ಇದನ್ನೂ ಬರೆದಿಡುತ್ತೇನೆ.

ನಾನು ಇರುವುದು ಆಳಂದದಲ್ಲಿ. ಆಳಂದ ಮತ್ತು ಅಫಜಲಪುರ ನನ್ನ ಪಾಲಿನ ತಾಲ್ಲೂಕುಗಳು. ಜೇವರ್ಗಿಯ ವರದಿಗಾರ ರಜೆ ಹಾಕಿದರೆ ಅದೂ ನನಗೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ರಸ್ತೆಗಳಲ್ಲಿ ಬೈಕ್ ಓಡಿಸಿದ್ದೇನೆ. ರಸ್ತೆಗಳ ಗುಣಮಟ್ಟದ ಬಗ್ಗೆ ಆಗಲೇ ಸಾಕಷ್ಟು ಬರೆದಿರುವುದರಿಂದ ಇಲ್ಲಿ ಬೇಡ.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು. ಗಡಿಯ ಊರಾದ್ದರಿಂದ ನಮ್ಮಲ್ಲಿ ಅಂಥವರನ್ನು ಮರಾಠಿಯ ಮಾತಿನಲ್ಲೇ ಪಾಯಾಳು ಎನ್ನುತ್ತಾರೆ. ಯಾರಿಗಾದರೂ ನಡ ಹಿಡಿದರೆ, ಅಂದರೆ ಸೊಂಟ ಹಿಡಿದುಕೊಂಡು ಏಳಲು ಕೂರಲು ಆಗದಿದ್ದರೆ, ಪಾಯಾಳುವಿನ ಮನೆಯ ಹೊಸ್ತಿಲ ಮೇಲೆ ಬೋರಲು ಮಲಗುತ್ತಾರೆ. ಪಾಯಾಳು ಬಲಗಾಲಿನ ಹೆಬ್ಬೆರಳಿನಿಂದ ಅವರ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಮೂರು ಸಲ ಸವರಬೇಕು. ನೋವು ಬಿಡುತ್ತದೆ ಎಂದು ನಂಬಿಕೆ. ಮಲಗಿದವರು ಹಿರಿಯರಾಗಿದ್ದರೆ, ಕಾಲು ತಾಗಿಸಿದ ತಪ್ಪಿಗೆ ಪಾಯಾಳು ಕೂಡಲೇ ಬಗ್ಗಿ ಅವರ ಪಾದ ಮುಟ್ಟಬೇಕು. ಇದರಿಂದ ಗುಣವಾಗುತ್ತದೆ ಎಂದು ನಾನು ಎಂದೂ ಬರೆದವನಲ್ಲ, ಯಾರಿಗೂ ಹೇಳಿದವನೂ ಅಲ್ಲ. ಆದರೆ ಬಾಗಿಲಿಗೆ ಬಂದು ಮಲಗಿದವರನ್ನು ಎಬ್ಬಿಸಿ ಕಳಿಸಿದವನೂ ಅಲ್ಲ. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ವಾರದಲ್ಲಿ ಇಬ್ಬರು ಮೂವರಾದರೂ ಬರುತ್ತಿದ್ದರು.

ಪಾಯಾಳುವಿಗೆ ಸ್ವತಃ ನಡ ಹಿಡಿಯುವುದಿಲ್ಲ ಎಂದೂ ಜನ ನಂಬುತ್ತಾರೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ. ಆ ವರ್ಷ ಬೇಸಿಗೆಯಿಂದಲೇ ಸೊಂಟದಲ್ಲಿ ಹುಟ್ಟಿದ ನೋವು ಬಲತೊಡೆಯ ಹಿಂದಿನಿಂದ ಇಳಿದು ಪಾದದವರೆಗೆ ಹೋಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ನಂಬದ ವಿಷಯದ ಮರ್ಯಾದೆ ಕಾಯಲು ಮೂರು ತಿಂಗಳು ನೋವು ಬಚ್ಚಿಟ್ಟೆ. ಮಾತ್ರೆ ನುಂಗುವಾಗ ಶಾಂತಾ ನೋಡಿದರೆ ತಲೆನೋವು ಎನ್ನುತ್ತಿದ್ದೆ.

ಮೊದಲು ಕಂಡುಹಿಡಿದವಳು ಪಕ್ಕದ ಮನೆಯ ಭಾಗಮ್ಮ ಆಯಿ. ಎಪ್ಪತ್ತು ದಾಟಿದ ಹೆಂಗಸು. ಹೊಲದ ಕೆಲಸ ಇನ್ನೂ ಬಿಟ್ಟಿರಲಿಲ್ಲ, ಬಾಯಿಗಂತೂ ಬಿಡುವೇ ಇರಲಿಲ್ಲ. ತೊಗರಿ ಬಿತ್ತುವ ವಾರ ನಡ ಹಿಡಿಸಿಕೊಂಡು ಬಂದು ನಮ್ಮ ಹೊಸ್ತಿಲ ಮೇಲೆ ಮಲಗಿದಳು. ನಾನು ಮೂರು ಸಲ ಸವರಿ, ಪಾದ ಮುಟ್ಟಿ, ನೋವು ತಡೆದುಕೊಂಡು ಎದ್ದೆ. ಆಕೆ ಮಲಗಿದಲ್ಲಿಂದಲೇ ಕತ್ತು ತಿರುಗಿಸಿದಳು.

"ತಮ್ಮಾ, ಈ ಸಲ ನಿನ್ನ ಕಾಲು ಬರೋಬ್ಬರಿ ಬೀಳಲಿಲ್ಲ."

"ಹಂಗಂದ್ರ?"

"ಹೆಬ್ಬೆಟ್ಟ ಎತ್ತಲೇ ಇಲ್ಲ ನೀ. ಹಸಿ ಕಟಗಿ ಎಳದಂಗ ಎಳದಿ. ಯಾರದರೆ ಕಾಲು ತಂದು ಹಚ್ಚೀಯೇನು?"

ನಗಾಡಿ ಕಳಿಸಿದೆ. ಆಕೆ ನಗಲಿಲ್ಲ. ಅದಾಗಿ ಎರಡು ವಾರಕ್ಕೆ ಅಫಜಲಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮರುಬಿತ್ತನೆಯ ಬೀಜ ವಿತರಣೆಯ ಸಾಲನ್ನು ನೋಡಿ ಹೊರಟಿದ್ದೆ. ಮಳೆ ನಿಂತಿತ್ತು, ಎರೆಮಣ್ಣು ಅಂಟುತ್ತಿತ್ತು. ಹಿಂದಿನಿಂದ ಹಮಾಲನೊಬ್ಬ ಕೂಗಿದ.

"ಪೇಪರ್ ಸಾಹೇಬ್ರ, ಒಂದ ಚಪ್ಪಲಿ ದಾನಾ ಕೊಟ್ಟು ಹೊಂಟೀರಲ್ಲ. ಇನ್ನೊಂದೂ ಕೊಟ್ಟು ಹೋಗ್ರಿ, ಜೋಡಿ ಆಗ್ಲಿ."

ಸುತ್ತ ಇದ್ದವರು ನಕ್ಕರು. ಬಲಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಕೆಸರಿನಲ್ಲಿತ್ತು. ಅದು ಕಳಚಿದ್ದಾಗಲಿ, ಬರಿಗಾಲಿನಲ್ಲಿ ಕೆಸರು ತುಳಿದದ್ದಾಗಲಿ ನನಗೆ ಗೊತ್ತಾಗಿರಲಿಲ್ಲ. ಹೆಬ್ಬೆರಳನ್ನು ಮೇಲೆತ್ತಲು ನೋಡಿದೆ. ಏಳಲಿಲ್ಲ.

ಇಷ್ಟಾದ ಮೇಲೂ ವೈದ್ಯರ ಬಳಿ ಹೋಗದೆ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ದಾರಿ ಹಿಡಿದೆ. ಅಲ್ಲಿ ಮಹಿಬೂಬ್ ಚಾಚಾ ಎಂಬ ಹತ್ತಿಯ ಗಾದಿ ಹೊಲಿಯುವವರಿದ್ದಾರೆ, ಅವರೂ ಪಾಯಾಳು. ಪಾಯಾಳುವಿನ ನೋವನ್ನು ಇನ್ನೊಬ್ಬ ಪಾಯಾಳು ಗುಟ್ಟಾಗಿ ತೆಗೆದರೆ ಊರಿಗೆ ಗೊತ್ತಾಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಚಾಚಾ ಹತ್ತಿ ಹಿಂಜುತ್ತಿದ್ದರು. ಮನೆಯ ಮುಂದಿನ ಛಪ್ಪರದ ತುಂಬ ಹತ್ತಿಯ ಬಿಳಿ ಧೂಳು ಹರಡಿತ್ತು. ನಾನು ವಿಷಯ ಹೇಳಿ ಅಂಗಿ ಬಿಚ್ಚಲು ಹೊರಟಾಗ ಅವರು ಕೈ ಎತ್ತಿ ತಡೆದರು.

"ಅಲ್ಲೇ ನಿಂದ್ರು ಬೇಟಾ. ಹಿಂದ ತಿರಗಿ ನೋಡು."

ಧೂಳಿನ ಮೇಲೆ ನಾನು ನಡೆದು ಬಂದ ಗುರುತಿತ್ತು. ಎಡಗಾಲಿನ ಹೆಜ್ಜೆಗಳು ಬೇರೆ ಬೇರೆಯಾಗಿ ಮೂಡಿದ್ದವು. ಬಲಗಾಲಿನದು ಛಪ್ಪರದ ಅಂಚಿನಿಂದ ನಾನು ನಿಂತಲ್ಲಿಯವರೆಗೆ ಒಂದು ಉದ್ದನೆಯ ಗೆರೆ.

"ಇದು ನಮ್ಮ ಇಲಾಜ್ ಅಲ್ಲ. ನಾ ಕಾಲು ಹಚ್ಚಂಗಿಲ್ಲ."

"ಒಮ್ಮೆ ಹಚ್ಚಿ ನೋಡ್ರಿ ಚಾಚಾ. ಇಷ್ಟು ದೂರ ಬಂದೇನಿ."

"ಹಚ್ಚಿದ್ರ ನಿನಗ ಆರಾಮ ಆದಂಗ ಅನಸ್ತದ. ಮತ್ತ ಹದಿನೈದ ದಿನ ಮನ್ಯಾಗ ಕುಂದರ್ತಿ. ಅಷ್ಟರಾಗ ಕಾಲು ಹೋದ್ರ ಆ ಪಾಪ ನನಗ್ಯಾಕ? ಚಾ ಕುಡಿ, ಸೊಲ್ಲಾಪುರ ಬಸ್ ಹಿಡಿ."

ಕಾಲು ಹಚ್ಚದೆ ಇದ್ದದ್ದು ಅವರು ಮಾಡಿದ ದೊಡ್ಡ ಉಪಕಾರ. ಅದು ಗೊತ್ತಾಗಲು ನನಗೆ ನಾಲ್ಕು ದಿನ ಬೇಕಾಯಿತು.

ಸೊಲ್ಲಾಪುರದಲ್ಲಿ ಸ್ಕ್ಯಾನ್ ಮಾಡಿಸುವ ಮೊದಲು ಕೊರಳಿನ ಬೆಳ್ಳಿಯ ಕರಡಿಗೆ ತೆಗೆಯಬೇಕೆಂದರು. ಲಿಂಗ ಕಟ್ಟಿಸಿಕೊಂಡಂದಿನಿಂದ ಅದನ್ನು ಮೈಮೇಲಿಂದ ಇಳಿಸಿರಲಿಲ್ಲ. ಶಾಂತಾ ಎರಡೂ ಅಂಗೈ ಚಾಚಿದಳು. ನಾನು ಆ ಕೊಳವೆಯೊಳಗಿಂದ ಬರುವ ತನಕ ಅದನ್ನು ಹಾಗೆಯೇ ಹಿಡಿದು ನಿಂತಿದ್ದಳಂತೆ, ಕುರ್ಚಿ ಖಾಲಿ ಇದ್ದರೂ.

ವೈದ್ಯರು ಸೊಲ್ಲಾಪುರದ ಕನ್ನಡದಲ್ಲಿ ಮಾತಾಡುವವರು. ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ನಾಲ್ಕನೇ ಮೂಳೆ ಐದನೆಯದರ ಮೇಲಿಂದ ಮುಂದಕ್ಕೆ ಜಾರಿತ್ತು, ನಡುವೆ ನರ ಸಿಕ್ಕಿಕೊಂಡಿತ್ತು. ನರವನ್ನು ಬಿಡಿಸಿ, ಎರಡು ಮೂಳೆಗಳಿಗೆ ತಿರುಪು ಹಾಕಿ, ನಡುವೆ ಮೂಳೆಯ ಚೂರು ತುಂಬಬೇಕು. ಮುಂದೆ ತಿಂಗಳುಗಟ್ಟಲೆ ಅವು ಒಂದಾಗಿ ಬೆಳೆಯಬೇಕು.

"ಮಾಡಿಸದಿದ್ದರೆ?" ಎಂದು ಕೇಳಿದೆ.

"ಬರೇ ನೋವಿದ್ರ ನಾನೇ ಕಾಯ್ರಿ ಅಂತಿದ್ದೆ. ವ್ಯಾಯಾಮ ಮಾಡ್ರಿ, ನೋಡೂಣು ಅಂತಿದ್ದೆ. ನೋವು ಕಾಯ್ತದ್ರಿ. ಕಾಲು ಕಾಯಂಗಿಲ್ಲ."

"ಮಾಡಿಸಿದರೆ ಕಾಲು ಬರುತ್ತದೆಯೇ?"

"ಬರಬಹುದು. ಖಾತ್ರಿ ಕೊಡಂಗಿಲ್ಲ. ನಿಮ್ಮ ನರ ಎಷ್ಟು ತಡಕೊಂಡದ ಅನ್ನೂದು ಒಳಗ ಹೋದ ಮ್ಯಾಲೂ ನನಗ ಪೂರ್ತಿ ಗೊತ್ತಾಗಂಗಿಲ್ಲ."

ಖಾತ್ರಿ ಕೊಡದೇ ಇದ್ದದ್ದರಿಂದಲೇ ಅವರ ಮೇಲೆ ನನಗೆ ನಂಬಿಕೆ ಹುಟ್ಟಿತು. ಆದರೂ ಒಂದು ವಾರದ ಸಮಯ ಕೇಳಿಕೊಂಡೆ. ಒಬ್ಬರೇ ಹೇಳಿದ್ದನ್ನು ನಾವು ಸುದ್ದಿ ಮಾಡುವುದಿಲ್ಲ, ಇನ್ನೊಂದು ಮೂಲ ಬೇಕು. ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇಬ್ಬರನ್ನು ಹುಡುಕಿದೆ. ಬೈಕ್ ಬಿಟ್ಟು ಬಸ್ಸಿನಲ್ಲಿ ಹೋದೆ.

ಯಡ್ರಾಮಿಯಲ್ಲಿ ಸುಮಂಗಲಾ ಎಂಬ ಶಿಕ್ಷಕಿ ತಮ್ಮ ಶಾಲೆಯ ವರಾಂಡದಲ್ಲೇ ನನಗೆ ಎಲ್ಲವನ್ನೂ ಮಾಡಿ ತೋರಿಸಿದರು. ಬೆನ್ನು ಬಾಗಿಸದೆ ಮೊಳಕಾಲು ಮಡಚಿ ನೆಲದ ಮೇಲಿನ ಸೀಮೆಸುಣ್ಣ ಎತ್ತುವುದು ಹೇಗೆ, ಹಾಸಿಗೆಯಲ್ಲಿ ಮರದ ದಿಮ್ಮಿಯಂತೆ ಇಡಿಯಾಗಿ ಹೊರಳುವುದು ಹೇಗೆ.

"ಮೊದಲ ಎಂಟು ದಿನ ಯಾಕರೆ ಮಾಡಿಸ್ಕೊಂಡೆ ಅಂತೀರಿ. ಆಗ ನಿಮ್ಮನ್ನ ಯಾರೂ ಏನೂ ಕೇಳಬಾರದು," ಎಂದರು.

"ಅಂಜಿಕಿ ಆಗ್ತದ ಟೀಚರ್."

"ಆಗ್ಲಿ. ಅದನ್ನೂ ಸಂಗಾಟ ಕರಕೊಂಡು ಹೋಗ್ರಿ. ನಾ ಹಂಗೇ ಹೋಗಿದ್ದೆ."

ಜೇವರ್ಗಿಯ ರಾಜಶೇಖರ ಮೊದಲು ಲಾರಿ ಓಡಿಸುತ್ತಿದ್ದವನು. ಈಗ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ. ಟಯರಿನ ಮೇಲೆ ಕುಳಿತವನ ಬಲಪಾದ ಕೆಳಗೆ ಇಳಿಬಿದ್ದಿತ್ತು. ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಆಧಾರವನ್ನು ಬಿಚ್ಚಿ ಪಕ್ಕದಲ್ಲಿಟ್ಟಿದ್ದ.

"ನನಗ ಕಾಲು ಎಳ್ಯಾಕ ಶುರು ಆದಾಗ ಡಾಕ್ಟರ್ ಲಗೂನ ಮಾಡಿಸು ಅಂದಿದ್ರು. ಈ ಬಾಡಿಗಿ ಮುಗೀಲಿ ಅಂದೆ. ದೀಪಾವಳಿ ಮುಗೀಲಿ ಅಂದೆ. ಆಮ್ಯಾಲ ಮಾಡಿಸ್ದೆ. ನೋವು ಹೋತು, ಕಾಲು ಬರಲಿಲ್ಲ."

ನಾನು ಬರೆದುಕೊಳ್ಳುತ್ತಿದ್ದೆ. ಅವನು ನನ್ನ ಪೆನ್ನು ನೋಡಿದ.

"ಆಪರೇಷನ್ ಕೆಟ್ಟದ್ದು ಅಂತ ಬರಕೋಬ್ಯಾಡ್ರಿ ಮತ್ತ. ತಡಾ ಮಾಡಿದಾಂವ ನಾನು. ಹಂಗ ಬರಕೋರಿ."

ಅವನು ಹೇಳಿದಂತೆಯೇ ಬರೆದುಕೊಂಡೆ. ಆ ಪುಟ ಇಂದಿಗೂ ನನ್ನ ಬಳಿ ಇದೆ. ತನ್ನ ತಪ್ಪನ್ನು ಅಷ್ಟು ಸ್ಪಷ್ಟವಾಗಿ ಒಪ್ಪಿ, ಅದನ್ನು ಇನ್ನೊಬ್ಬನ ಉಪಯೋಗಕ್ಕೆ ಕೊಟ್ಟ ಮನುಷ್ಯನನ್ನು ನನ್ನ ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ. ಬಸ್ ನಿಲ್ದಾಣದಿಂದಲೇ ಸೊಲ್ಲಾಪುರಕ್ಕೆ ಫೋನ್ ಮಾಡಿ ಆಗಲಿ ಎಂದೆ. ಆಮೇಲೆ ಸುದ್ದಿ ಮುಖ್ಯಸ್ಥರಿಗೆ ತಿಳಿಸಿದೆ. "ಸುದ್ದಿ ಕಳಿಸೋದು ನಿಲ್ಲಿಸಬೇಡ, ಬಾಯಲ್ಲಿ ಹೇಳು, ನಾವು ಬರ್ಕೋತೀವಿ," ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಮಾಡಿದ ದೀರ್ಘ ಭಾಷಣ ಅದೇ ಇರಬೇಕು.

ಶ್ರಾವಣದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅದರ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಛಾವಣಿಯ ದೀಪ, ಯಾರೋ ಹೆಸರು ಕೇಳಿದ್ದು, ಉತ್ತರ ಅರ್ಧಕ್ಕೆ ನಿಂತದ್ದು. ಎಚ್ಚರವಾದಾಗ ಬೆನ್ನಿನಲ್ಲಿ ಒಲೆ ಹೊತ್ತಿಸಿದಂತಿತ್ತು, ಆದರೆ ತೊಡೆಯಿಂದ ಪಾದಕ್ಕಿಳಿಯುತ್ತಿದ್ದ ಹಳೆಯ ನೋವು ಇರಲಿಲ್ಲ. ಎರಡು ನೋವುಗಳ ನಡುವಿನ ಆ ವ್ಯತ್ಯಾಸವನ್ನು ಮೊದಲು ಗಮನಿಸಿದೆ. ಆಮೇಲೆ ಹೆಬ್ಬೆರಳು ಎತ್ತಲು ನೋಡಿದೆ. ಅದು ಏಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ಬಂದೆ. ಸುಮಂಗಲಾ ಟೀಚರ್ ಹೇಳಿದ ಎಂಟು ದಿನಗಳು ಅವರು ಹೇಳಿದಂತೆಯೇ ಇದ್ದವು. ಯಾಕರೆ ಮಾಡಿಸಿಕೊಂಡೆ ಎಂದು ದಿನವೂ ಅಂದುಕೊಂಡೆ. ಶಾಂತಾ ಏನೂ ಕೇಳಲಿಲ್ಲ.

ಆಳಂದಕ್ಕೆ ಬಂದಾಗ ಮನೆಯಲ್ಲಿ ನನ್ನ ಮಂಚ ಎತ್ತರವಾಗಿತ್ತು. ಭಾಗಮ್ಮ ಆಯಿ ನಾಲ್ಕೂ ಕಾಲಿಗೆ ಇಟ್ಟಿಗೆ ಇಡಿಸಿದ್ದಳು. ಬಾಗಿ ಏಳದಂತೆ ಮಂಚ ಎತ್ತರವಿರಬೇಕೆಂದು ಶಾಂತಾ ಫೋನಿನಲ್ಲಿ ಹೇಳಿದ್ದು ಆಕೆಯ ಕಿವಿಗೆ ಬಿದ್ದಿತ್ತಂತೆ. ಮೂರನೇ ದಿನ ಮಹಿಬೂಬ್ ಚಾಚಾ ಬಸ್ಸಿನ ಮೇಲೆ ಒಂದು ಗಾದಿ ಹಾಕಿಕೊಂಡು ಬಂದರು. ಹತ್ತಿಯನ್ನು ಒತ್ತಿ ಒತ್ತಿ ತುಂಬಿ, ಹಲಗೆಯಷ್ಟು ಗಟ್ಟಿಯಾಗಿ ಹೊಲಿದದ್ದು.

"ಮೆತ್ತಗಿರೂದು ಮದುವಿ ಗಾದಿ. ಇದು ತಿರಪಿನ ಬೆನ್ನಿನ ಗಾದಿ," ಎಂದರು. ನನ್ನನ್ನು ಎದ್ದು ನಡೆಯಲು ಹೇಳಿ, ಬಗ್ಗಿ ನೆಲ ನೋಡಿದರು. "ಗೀಟು ಸಣ್ಣದಾಗ್ಯಾದ."

ಆಗಿರಲಿಲ್ಲ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಆರು ತಿಂಗಳು ನಿಷೇಧ. ಹೆಚ್ಚು ಹೊತ್ತು ಕೂರುವಂತೆಯೂ ಇರಲಿಲ್ಲ. ಆದ್ದರಿಂದ ನಿಂತು ಬರೆಯಲು ಕಲಿತೆ. ನಮ್ಮ ಮನೆಯಲ್ಲಿ ಅದಕ್ಕೆ ತಕ್ಕ ಎತ್ತರ ಇದ್ದದ್ದು ಅಡುಗೆ ಕಟ್ಟೆಗೆ ಮಾತ್ರ. ಬೆಲ್ಟ್ ಬಿಗಿದುಕೊಂಡು ಒಂದು ತುದಿಯಲ್ಲಿ ನಾನು ಸುದ್ದಿ ಬರೆದರೆ, ಇನ್ನೊಂದು ತುದಿಯಲ್ಲಿ ಶಾಂತಾ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ನಿಮ್ಮ ಪೇಪರ್ ನನ್ನ ಹಿಟ್ಟಿನ ಕಡೆ ಬರಾಕತ್ತದ. ಸರಸ್ರಿ," ಎನ್ನುವಳು.

"ತೊಗರಿಗೆ ಹುಳ ಬಿದ್ದ ಸುದ್ದಿ ಬರಿಯಾಕತ್ತೇನಿ. ಜರಾ ಜಾಗ ಬೇಕು."

"ಹುಳದ ಸುದ್ದಿ ರೊಟ್ಟಿ ಬಾಜೂಕ ಬ್ಯಾಡ್ರಿ."

ಸುದ್ದಿ ಮುಖ್ಯಸ್ಥರಿಗೆ ಫೋನಿನಲ್ಲಿ ವರದಿ ಓದುವಾಗ ರೊಟ್ಟಿ ಬಡಿಯುವ ಸದ್ದು ಅತ್ತ ಕೇಳುತ್ತಿತ್ತಂತೆ. ಊಟದ ಹೊತ್ತಿಗೆ ಮುಂಚೆ ಫೋನ್ ಮಾಡಬೇಡ, ಹಸಿವಾಗುತ್ತದೆ ಎಂದರು.

ಬೆನ್ನು ದಿನದಿಂದ ದಿನಕ್ಕೆ ಗಟ್ಟಿಯಾಯಿತು. ಗಣಪತಿ ಹಬ್ಬಕ್ಕೆ ವಾಕರ್ ಬಿಟ್ಟೆ. ದಸರೆಗೆ ಬಸ್ ನಿಲ್ದಾಣದವರೆಗೆ ನಡೆದೆ. ತೊಗರಿ ಹೂ ಬಿಟ್ಟು ಕಡಗಂಚಿಯ ಕಡೆಯ ರಸ್ತೆಯ ಎರಡೂ ಬದಿ ಹಳದಿಯಾದಾಗ ಬೆಲ್ಟ್ ತೆಗೆದೆ. ಸೊಲ್ಲಾಪುರದ ವೈದ್ಯರು ಹೊಸ ಎಕ್ಸ್‌ರೇ ನೋಡಿ ಮೂಳೆ ಕೂಡಿಕೊಳ್ಳುತ್ತಿದೆ ಎಂದರು. ಪಾದವನ್ನು ಹಿಡಿದು, ಹೆಬ್ಬೆರಳನ್ನು ಒತ್ತಿ, ಕಾಲುಚೀಲ ಹಾಕಿಕೊಳ್ಳಿ ಎಂದರು. ಅವರು ಹೇಳದೇ ಬಿಟ್ಟದ್ದನ್ನು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಓದಿಕೊಂಡು ಬಂದೆ.

ಮನೆಯಲ್ಲಿ ನಮ್ಮದೇ ಒಂದು ಪರೀಕ್ಷೆ ಇತ್ತು. ಸಂಜೆ ನಾನು ಹಿಮ್ಮಡಿ ಊರಿ ನಿಲ್ಲುತ್ತಿದ್ದೆ. ಶಾಂತಾ ಹೆಬ್ಬೆರಳ ಕೆಳಗೆ ಪೆನ್ಸಿಲು ತೂರಿಸಲು ನೋಡುತ್ತಿದ್ದಳು. ಬೆರಳು ಎದ್ದರೆ ಪೆನ್ಸಿಲು ದಾಟಬೇಕು. ದಾಟುತ್ತಿರಲಿಲ್ಲ. ಒಂದು ದಿನ ಅವಳು ಪೆನ್ಸಿಲನ್ನು ಕೆತ್ತಿ ಸಣ್ಣ ಮಾಡಿದ್ದು ಕಂಡು, ಪರೀಕ್ಷೆಯಲ್ಲಿ ಮೋಸ ಬೇಡ ಎಂದೆ. ನಕ್ಕಳು. ಕಣ್ಣು ಒರೆಸಿಕೊಂಡಳು. ಆಮೇಲೆ ಕೆಲವು ವಾರ ನಾನೂ ನಿಲ್ಲಲಿಲ್ಲ, ಅವಳೂ ಕರೆಯಲಿಲ್ಲ. ನಡ ಹಿಡಿದವರು ಬಾಗಿಲಿಗೆ ಬರುವುದು ಆಗಲೇ ನಿಂತಿತ್ತು. ತಿರುಪು ಹಾಕಿಸಿಕೊಂಡ ಪಾಯಾಳುವಿನ ಬಳಿ ಯಾರು ಬರುತ್ತಾರೆ? ಆ ಬೆಳಗಿನ ಮಂದಿ ಇಲ್ಲದ ಕೊರತೆ ನನ್ನನ್ನು ಕಾಡಬೇಕಾದ್ದಕ್ಕಿಂತ ಹೆಚ್ಚು ಕಾಡುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಸಂಕ್ರಾಂತಿಯ ಆಸುಪಾಸು, ತೊಗರಿ ಕೊಯ್ದು ಕಣಕ್ಕೆ ತರುವ ದಿನಗಳು. ಚಳಿ ಇತ್ತು. ಬೆಳಿಗ್ಗೆ ನಾನು ಅಡುಗೆ ಕಟ್ಟೆಯ ಹತ್ತಿರ ಬರೆಯುತ್ತಿದ್ದಾಗ ಹೊರಗೆ ನರಳುವ ಸದ್ದು ಕೇಳಿಸಿತು. ಬಂದು ನೋಡಿದರೆ ಭಾಗಮ್ಮ ಆಯಿ ಹೊಸ್ತಿಲ ಮೇಲೆ ಬೋರಲು ಮಲಗಿದ್ದಳು.

"ನಡ ಹಿಡದದೋ ತಮ್ಮಾ. ಕಾಲು ಹಚ್ಚು."

"ಆಯಿ, ನನ್ನ ಕಾಲಾಗ ಏನೂ ಉಳದಿಲ್ಲ. ಕಿಣ್ಣಿ ಚಾಚಾನ ಕಡೆ ಹೋಗು."

"ಈ ನಡ ತಗೊಂಡು ಕಿಣ್ಣಿ ತನಕ ಹ್ಯಾಂಗ ಹೋಗಲಿ? ಹಾರಿಕೊಂತ ಹೋಗ್ಲೇನು? ಬಿಡೂದು ಬಿಡದಿರೂದು ನನ್ನ ನಡಕ್ಕ ಸೇರಿದ್ದು. ನೀ ಹಚ್ಚು, ನೆಲ ತಣ್ಣಗದ."

ವಾದ ಮಾಡಿ ಗೆಲ್ಲುವಂತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಬಲಗಾಲು ಎತ್ತಿ ಆಕೆಯ ಬೆನ್ನ ಮೇಲಿಟ್ಟೆ. ಮೊದಲ ಸಲ ಸವರಿದಾಗ ಯಾರದೋ ಪಾದ ಆಕೆಯ ಇಳಕಲ್ ಸೀರೆಯ ಮೇಲೆ ಹೋದದ್ದನ್ನು ನೋಡಿದಂತಿತ್ತು. ಎರಡನೆಯ ಸಲ ಸೊಂಟದ ಹತ್ತಿರ ಹೆಬ್ಬೆರಳಿಗೆ ಏನೋ ತಣ್ಣಗೆ ತಾಗಿತು. ಕಾಲು ಅಲ್ಲೇ ನಿಲ್ಲಿಸಿದೆ. ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಲಿಕೈ ಗೊಂಚಲು. ಅದರ ಹಲ್ಲುಗಳೂ ಗೊತ್ತಾದವು.

"ಆಯಿ, ನಿನ್ನ ಕೀಲಿ ತಣ್ಣಗದ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಚಳಿಗಾಲ್ದಾಗ ಕೀಲಿ ಬಿಸಿ ಇರ್ತದೇನು? ಮೂರನೇದು ಹಚ್ಚು."

ಮೂರನೆಯದನ್ನು ನಿಧಾನವಾಗಿ ಸವರಿದೆ. ಆಕೆ ಉಸಿರು ಹಿಡಿದು ಮಲಗಿದ್ದಳು. ಬೆನ್ನಿನ ಮೇಲ್ತುದಿ ಮುಟ್ಟಿದಾಗ ನೆಲಕ್ಕೆ ಮುಖ ಮಾಡಿಯೇ ಹೇಳಿದಳು.

"ಈಗ ಎತ್ತಿದಿ ನೋಡು ಹೆಬ್ಬೆಟ್ಟ."

ನಾನು ಪಾದ ಮುಟ್ಟಬೇಕಿತ್ತು. ಬಗ್ಗುವಂತಿರಲಿಲ್ಲ. ನಾನು ಗೊಂದಲದಲ್ಲಿ ನಿಂತಿರುವಾಗಲೇ ಆಕೆ ಎದ್ದು, ಸೆರಗು ಸಿಕ್ಕಿಸಿ, ನಮ್ಮ ಬಾಗಿಲ ಪಕ್ಕದ ಫರಸಿ ಕಲ್ಲಿನ ಕಟ್ಟೆಯ ಮೇಲೆ ಸರಕ್ಕನೆ ಹತ್ತಿ ನಿಂತಳು. ಅದು ನನ್ನ ಸೊಂಟದೆತ್ತರದ ಕಟ್ಟೆ. ಆಕೆಯ ಪಾದಗಳು ನನ್ನ ಕೈಗೆ ಸಮನಾಗಿ ಬಂದವು. ಬೆನ್ನು ನೆಟ್ಟಗಿಟ್ಟುಕೊಂಡೇ ಮುಟ್ಟಿ ನಮಸ್ಕರಿಸಿದೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, ಇಳಿದು, ಕಣಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಶಾಂತಾ ಹಿಟ್ಟಿನ ಕೈಯಲ್ಲೇ ಪೆನ್ಸಿಲು ತಂದು ನೆಲಕ್ಕೆ ಕುಳಿತಳು. ಕೆತ್ತದೇ ಇದ್ದ ಹೊಸ ಪೆನ್ಸಿಲು. ಅದು ಹೆಬ್ಬೆರಳ ಕೆಳಗಿನಿಂದ ದಾಟಿ ಫರಸಿಯ ಮೇಲೆ ಉರುಳುತ್ತಾ ಗೋಡೆಯವರೆಗೆ ಹೋಯಿತು. ಇಬ್ಬರೂ ಅದು ನಿಲ್ಲುವ ತನಕ ನೋಡಿದೆವು.

ಪಾದ ಪೂರ್ತಿ ಬರಲು ಮತ್ತೊಂದು ಮಳೆಗಾಲ ಬೇಕಾಯಿತು. ಈಗಲೂ ಹೊಸ ಚಪ್ಪಲಿ ತರುವಾಗ ಹಿಂದೆ ಪಟ್ಟಿ ಇರುವುದನ್ನೇ ತರುತ್ತೇನೆ. ಬೆಳಿಗ್ಗೆ ಹೊಸ್ತಿಲ ಮೇಲೆ ಜನ ಮತ್ತೆ ಮಲಗುತ್ತಾರೆ. ಅದು ಅಷ್ಟೇ.

ಆ ದಿನದ ಒಂದು ವಿವರ ಬಾಕಿ ಇದೆ. ಪೆನ್ಸಿಲು ಎತ್ತಿಕೊಂಡು ಬಂದ ಶಾಂತಾ ಬಾಗಿಲಲ್ಲಿ ನಿಂತು ಭಾಗಮ್ಮ ಆಯಿ ಹೋದ ದಿಕ್ಕನ್ನು ನೋಡಿದಳು.

"ಅಲ್ರಿ, ಅಕಿಗಿ ನಡ ಹಿಡದದ್ದು ಯಾವಾಗ? ಮುಂಜಾನಿ ನನ್ನ ಮುಂದೇ ಎರಡು ತುಂಬಿದ ಕೊಡ ಹೊತ್ಕೊಂಡು ಬಂದಳಲ್ಲ."

ನಡ ಹಿಡಿದಿತ್ತು ಎಂಬುದಕ್ಕೆ ಆಕೆಯ ಮಾತೊಂದೇ ಆಧಾರ. ಆಕೆ ಈಗಲೂ ಪಕ್ಕದ ಮನೆಯಲ್ಲೇ ಇದ್ದಾಳೆ, ಕೇಳಿದರೆ ಹೇಳುತ್ತಾಳೆ. ಇಷ್ಟು ವರ್ಷದ ನನ್ನ ವೃತ್ತಿಯಲ್ಲಿ ಎರಡನೆಯ ಮೂಲಕ್ಕಾಗಿ ವಿಚಾರಿಸದೇ ಬಿಟ್ಟ ಸುದ್ದಿ ಇದೊಂದೇ.